ಟೆಲಿ ಲೆನ್ಸ್ ಕೊಳ್ಳುವ ಮುಂಚೆ ಕಿಟ್ ಲೆನ್ಸಲ್ಲೇ ಅಳತೆ ತೆಗೀರಿ
ದೂರದ ಆಟವನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಎಷ್ಟು ಎಂಎಂನದ್ದು ಬೇಕು ಅಂತ ತಿಳಿಯೋಕೆ, ನೀವು ಯಾವಾಗಲೂ ನಿಲ್ಲುವ ಜಾಗದಿಂದ, ಕ್ಯಾಮೆರಾ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸನ್ನು 55ಕ್ಕಿಟ್ಟು ಕ್ಯಾಮೆರಾ ಅಡ್ಡ ಹಿಡಿದು ಒಬ್ಬ ಆಟಗಾರನ ಫೋಟೋ ತೆಗೀರಿ. ಅವನು ಫ್ರೇಮಿನ ಎತ್ತರದಲ್ಲಿ ಐದನೇ ಒಂದು ಭಾಗ ಇದ್ದು, ನಿಮಗೆ ಐದರಲ್ಲಿ ಮೂರು ಭಾಗ ತುಂಬಬೇಕಾದರೆ ಮೂರು ಪಟ್ಟು, ಅಂದರೆ 165 ಎಂಎಂ ಬೇಕು, 70-200 ಸಾಕು. ಹತ್ತನೇ ಒಂದು ಭಾಗ ಮಾತ್ರ ಇದ್ದರೆ ಆರು ಪಟ್ಟು, ಅಂದರೆ 330, ಆಗ 100-400 ನೋಡಿ. ದೂರ ಬದಲಾಗದಿದ್ದರೆ ಫೋಕಲ್ ಲೆಂತ್ (ಲೆನ್ಸಿನ ಆ ಎಂಎಂ ಅಂಕಿ) ಎಷ್ಟು ಪಟ್ಟೋ ಫ್ರೇಮಲ್ಲಿ ಆಟಗಾರನ ಗಾತ್ರವೂ ಅಷ್ಟೇ ಪಟ್ಟು. ಅದೇ ಕ್ಯಾಮೆರಾ ಆದ್ದರಿಂದ ಕ್ರಾಪ್ ಫ್ಯಾಕ್ಟರ್ (ಸೆನ್ಸರ್ ಗಾತ್ರದಿಂದ ಬರೋ ವ್ಯತ್ಯಾಸ) ತಲೆನೋವೂ ಇಲ್ಲ. ಆದರೆ ಈ ಲೆಕ್ಕವೊಂದೇ ಸಾಕಾಗೋದು ಹಗಲಿಗೆ ಮಾತ್ರ. ರಾತ್ರಿ ಕಂಬಳಕ್ಕೋ ಹೊನಲು ಬೆಳಕಿನ ಕಬಡ್ಡಿಗೋ ಹೋದರೆ ಎಂಎಂಗಿಂತ ಅಪರ್ಚರ್ (ಲೆನ್ಸಲ್ಲಿ ಬೆಳಕು ಒಳಬರೋ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಮುಖ್ಯ: ಎಫ್ 2.8ರಲ್ಲಿ 1/1000 ಸೆಕೆಂಡಿನ ಶಟರ್ ವೇಗ ಸಿಗೋ ಕಡೆ ಎಫ್ 5.6ರಲ್ಲಿ ಅದೇ ಐಎಸ್‌ಒಗೆ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1/250 ಅಷ್ಟೇ, ಕೋಣಗಳ ಕಾಲಿಂದ ಹಾರುವ ಕೆಸರೆಲ್ಲ ಬರೀ ಗೆರೆ. ಲೆನ್ಸಲ್ಲಿ ಸ್ಟೆಬಿಲೈಸೇಷನ್ ಇದೆ ಅಂತ ಅಂಗಡಿಯವರು ಹೇಳ್ತಾರೆ; ಅದು ನಿಮ್ಮ ಕೈನಡುಕ ನಿಲ್ಲಿಸುತ್ತೆ, ಕೋಣಗಳನ್ನಲ್ಲ.