ಮಾಸ್ ಅಮೆಡ್ಡಾ ವೇಷ: ಕುತ್ತಿಗೆ ನೋಯದ ಹಾಗೆ ಕೊಂಬು ಕಟ್ಟುವುದು

ಹಾಲಿವುಡ್‌ನ ಸ್ಟಾರ್ ವಾರ್ಸ್ ಚಿತ್ರಸರಣಿಯ ಸೆನೆಟ್ (ಶಾಸನಸಭೆ) ದೃಶ್ಯಗಳಲ್ಲಿ ಸರ್ಕಾರದ ಮುಖ್ಯಸ್ಥನಾದ ಚಾನ್ಸಲರ್ ಪಕ್ಕದಲ್ಲಿ ನಿಲ್ಲುವ ನೀಲಿ ಮೈಯ ಉಪಾಧ್ಯಕ್ಷನೇ ಮಾಸ್ ಅಮೆಡ್ಡಾ. 1999ರ ಚಿತ್ರದಿಂದಲೂ ಇದ್ದಾನೆ, ಮಾತು ಕಡಿಮೆ. 2002ರ ಚಿತ್ರದಲ್ಲಿ ಚಾನ್ಸಲರ್‌ಗೆ ತುರ್ತು ಅಧಿಕಾರ ಕೊಡುವ ಮಾತೆತ್ತಿ ಪೆದ್ದು ಪ್ರತಿನಿಧಿ ಜಾರ್ ಜಾರ್‌ನನ್ನು ಹಳ್ಳಕ್ಕೆ ಕೆಡವುವವರಲ್ಲಿ ಇವನೂ ಒಬ್ಬ. ಅಭಿಮಾನಿಗಳು ವೇಷ ತೊಟ್ಟು ಸೇರುವ ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆ ಜೇಡೈಗಳು (ಇದೇ ಚಿತ್ರಗಳ ಯೋಧರು) ಹಿಂಡುಗಟ್ಟಿ ಬರುತ್ತಾರೆ. ಅಮೆಡ್ಡಾ ವೇಷ ಕಟ್ಟಲು ಮಾತ್ರ ಜನ ಹೆದರುತ್ತಾರೆ, ಅದೂ ತಲೆಭಾರಕ್ಕೆ.

ತಲೆಯ ಮೇಲೆ ಎರಡು ಕೊಂಬು, ಪಕ್ಕದಿಂದ ಎದೆಗೆ ಇಳಿಬಿದ್ದ ಎರಡು ಮಾಂಸಲ ಜೋಲು. ನಾಲ್ಕನ್ನೂ ಒಂದೇ ಟೋಪಿಗೆ ಹೊಲಿದರೆ ಅರ್ಧ ಗಂಟೆಗೇ ತಲೆ ಮುಂದಕ್ಕೆ ಬಾಗುತ್ತದೆ. ಕೊಂಬಿನ ಭಾರ ತಲೆಗೆ, ಜೋಲಿನ ಭಾರ ಹೆಗಲಿಗೆ ಬರಬೇಕು.

ತಳಕ್ಕೆ ಕಟ್ಟಡ ಕೆಲಸದವರ ಹೆಲ್ಮೆಟ್ ಸಾಕು. ಅಂಚು ಕತ್ತರಿಸಿ, ಒಳಪಟ್ಟಿಯನ್ನೂ ಗದ್ದದ ಪಟ್ಟಿಯನ್ನೂ ಉಳಿಸಿಕೊಳ್ಳಿ. ಕೊಂಬಿಗೆ 5 ಮಿ.ಮೀ. ದಪ್ಪದ ಇವಿಎ ಫೋಮ್ (ರಬ್ಬರಿನಂತೆ ಬಾಗುವ ಹಗುರ ಪ್ಲಾಸ್ಟಿಕ್) ಹಾಳೆ. 24 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ 60 ಡಿಗ್ರಿಯ ತುಂಡು ಕತ್ತರಿಸಿ ಸುತ್ತಿದರೆ ಬುಡ 8 ಸೆಂ.ಮೀ. ಅಗಲದ ಶಂಕು ಸಿಗುತ್ತದೆ. ಎರಡೂ ಅಂಚಿಗೆ ರಬ್ಬರ್ ಅಂಟು ಹಚ್ಚಿ 10–15 ನಿಮಿಷ ಬಿಡಿ, ಬೆರಳಿಗೆ ಅಂಟದಂತಾದ ಮೇಲೆ ಒತ್ತಿ. ಹಸಿಯಲ್ಲೇ ಒತ್ತಿದರೆ ಬಿಸಿಲಿಗೆ ಬಾಯಿ ಬಿಡುತ್ತದೆ. ಥರ್ಮೋಕೋಲ್ ಅಗ್ಗವೆಂದು ಅದಕ್ಕೆ ಕೈಹಾಕಬೇಡಿ, ಇದೇ ಅಂಟು ಅದನ್ನು ಕರಗಿಸಿಬಿಡುತ್ತದೆ. ಬುಡಕ್ಕೆ ಪ್ಲೈವುಡ್ ಬಿಲ್ಲೆ ಕೂರಿಸಿ, ಹೆಲ್ಮೆಟ್ ಒಳಗಿನಿಂದ 6 ಮಿ.ಮೀ. ಬೋಲ್ಟ್ ಹಾಕಿ, ಅಗಲ ವಾಷರ್ ಮರೆಯದೆ. ಕೊಂಬು ಬಿಚ್ಚುವಂತಿರಲೇಬೇಕು, ಇಲ್ಲದಿದ್ದರೆ ಆಟೊದಲ್ಲಿ ಮೇಳ ನಡೆಯುವ ವೈಟ್‌ಫೀಲ್ಡಿನವರೆಗೂ ತಲೆ ಬಗ್ಗಿಸಿಕೊಂಡೇ ಹೋಗಬೇಕು.

ಜೋಲಿಗೆ ಸೀಟಿನ ಸ್ಪಂಜು, ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. 45 ಸೆಂ.ಮೀ. ಉದ್ದ, ಮೇಲೆ 10 ಸೆಂ.ಮೀ. ದಪ್ಪ, ಕೆಳಗೆ ಸಣ್ಣ. ಕತ್ತರಿಯಿಂದ ಚೂರುಚೂರಾಗಿ ಸವರಿ, ದ್ರವ ಲ್ಯಾಟೆಕ್ಸ್‌ನ (ಒಣಗಿದರೆ ರಬ್ಬರ್ ಪದರವಾಗುವ ಹಾಲಿನಂಥ ದ್ರವ) ಮೂರು ತೆಳು ಲೇಪ ಕೊಡಿ. ದಪ್ಪಗೆ ಬಳಿದರೆ ಸ್ಪಂಜು ಹೀರಿ ಭಾರವಾಗುತ್ತದೆ, ಒಳಗೆ ಒಣಗುವುದೂ ಇಲ್ಲ. ಅಮೋನಿಯಾ ವಾಸನೆ ಕಣ್ಣಿಗೆ ಹತ್ತುತ್ತದೆ, ಕಿಟಕಿ ತೆರೆದಿಡಿ. ನೀಲಿ ಬಣ್ಣವನ್ನು ಬಳಿಯುವ ಮೊದಲೇ ಲ್ಯಾಟೆಕ್ಸಿಗೆ ಬೆರೆಸಿ. ಬಾಟಲಿಯಲ್ಲಿ ಕಂಡದ್ದಕ್ಕಿಂತ ಗಾಢವಾಗಿ ಒಣಗುವುದರಿಂದ ಒಂದು ಛಾಯೆ ತಿಳಿಯಾಗಿರಲಿ. ಒಣಗಿದ ಮೇಲೆ ಟಾಲ್ಕಂ ಪುಡಿ ಉದುರಿಸದಿದ್ದರೆ ತನಗೆ ತಾನೇ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಹರಿಯುತ್ತದೆ. ಮೇಲ್ತುದಿಯನ್ನು ಒಳಗೆ ತೊಡುವ ಬನಿಯನ್ನಿನ ಹೆಗಲಿಗೆ ಹೊಲಿಯಿರಿ; ಹೆಲ್ಮೆಟ್‌ಗೆ ವೆಲ್ಕ್ರೊ ಹಿಡಿತ ಮಾತ್ರ.

ಮುಖಕ್ಕೆ ನೀರಿನಲ್ಲಿ ಕಲಸುವ ನಾಟಕದ ಬಣ್ಣ. ಚಿತ್ರ ಬರೆಯುವ ಅಕ್ರಿಲಿಕ್ ಮುಖಕ್ಕೆ ಬೇಡವೇ ಬೇಡ. ಹಿಂದಿನ ದಿನ ಬಣ್ಣವನ್ನೂ ಲ್ಯಾಟೆಕ್ಸನ್ನೂ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ. ಕೆಂಪಾದರೆ ಅಲ್ಲಿಗೇ ಬಿಡಿ.

ನಿಲುವಂಗಿಗೆ ಚಿಕ್ಕಪೇಟೆಯಲ್ಲಿ 44 ಇಂಚು ಪನ್ನದ ಗಾಢ ಬಟ್ಟೆ, ಆರು ಮೀಟರ್. ಹೊಳಪಿನ ಸ್ಯಾಟಿನ್ ತಂದರೆ ಮದುವೆ ಛತ್ರದ ಪರದೆ ಸುತ್ತಿಕೊಂಡಂತಿರುತ್ತದೆ. ಅಮೆಡ್ಡಾ ಕೈಯಲ್ಲಿ ಹಿಡಿಯುವ ದಂಡಕ್ಕೆ ಒಂದು ಇಂಚಿನ ಪಿವಿಸಿ ಪೈಪ್. 220 ನಂಬರಿನ ಉಪ್ಪುಕಾಗದ ಉಜ್ಜಿದ ಮೇಲೆಯೇ ಪೇಂಟ್. ಸೆನೆಟ್‌ನಲ್ಲಿ ಸದಸ್ಯರನ್ನು ಸುಮ್ಮನಾಗಿಸುವ ಅಮೆಡ್ಡಾನಂತೆ ದಂಡವನ್ನು ಕುಟ್ಟಿ ‘ಶಾಂತಿ, ಶಾಂತಿ’ ಎನ್ನಿ. ನಮ್ಮ ವಿಧಾನಸಭೆಯ ಕಲಾಪ ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.