ಮೋಟರ್ ಸ್ವಿಚ್ಚು ಮಗನ ಕೈಗೆ ಕೊಟ್ಟ ಮೇಲೆ

2024ರ ಮಾರ್ಚ್‌ನಲ್ಲಿ ನೀರಿಗೆ ಎಂಥ ಪರದಾಟ ಇತ್ತು ಅಂತ ಬೆಂಗಳೂರಿನಲ್ಲಿರೋರಿಗೆ ಹೇಳಬೇಕಾಗಿಲ್ಲ. ನಮ್ಮ ಬೋರ್‌ವೆಲ್ ಫೆಬ್ರವರಿಯಲ್ಲೇ ಕೈ ಕೊಟ್ಟಿತ್ತು. ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ, ದಾರದಷ್ಟು ಸಣ್ಣಗೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದೂ ಆಗಲೇ. ಅಂಥ ಹೊತ್ತಲ್ಲಿ ನಾನು ಇಡೀ ಮನೆಯ ನೀರಿನ ಉಸ್ತುವಾರಿಯನ್ನು ಎಂಟನೇ ಕ್ಲಾಸಿನ ಮಗನಿಗೆ ಕೊಟ್ಟೆ. ನಮ್ಮತ್ತೆ ನನ್ನ ಮುಖವನ್ನೇ ನೋಡಿದರು.

ಅದಕ್ಕೆ ಮುಂಚೆ ಎಲ್ಲರೂ ಮಾಡೋದನ್ನೇ ಮಾಡಿದ್ದೆ. ಫ್ರಿಜ್ಜಿಗೆ ಚಾರ್ಟ್ ಅಂಟಿಸಿ ಕಸ ಹೊರಗಿಡು, ತಟ್ಟೆ ತೊಳಿ, ಗಿಡಕ್ಕೆ ನೀರು ಹಾಕು ಅಂತ ಬರೆದಿದ್ದೆ. ಒಂಬತ್ತು ದಿನ ನಡೀತು. ಕಸ ಇಡೋದು ಅವನ ಕೆಲಸ, ಅದನ್ನ ನೆನಪಿಸೋದು ನನ್ನ ಕೆಲಸ! ನನಗೇನೂ ಹಗುರ ಆಗಿರಲಿಲ್ಲ, ಕೂಗಾಟ ಜಾಸ್ತಿಯಾಗಿತ್ತು ಅಷ್ಟೇ. ಅದಕ್ಕೇ ಈ ಸಲ ತಲೆನೋವಿನ ಸಮೇತ ಕೊಟ್ಟೆ. ಸಂಪಿನಲ್ಲಿ ಎಷ್ಟಿದೆ ನೋಡೋದು, ಮೋಟರ್ ಹಾಕೋದು, ಆರಿಸೋದು, ಟ್ಯಾಂಕರಿಗೆ ಫೋನ್ ಮಾಡೋದು, ದುಡ್ಡು ಕೊಡೋದು, ಎಲ್ಲಾ ಅವನದೇ. ಎರಡು ವಿಷಯ ಮಾತ್ರ ಮೊದಲೇ ಖಡಾಖಂಡಿತ ಹೇಳಿದೆ: ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು, ಏನೇ ಬಿದ್ದರೂ ಸಂಪಿನೊಳಗೆ ಇಳಿಯಬಾರದು.

ಆರನೇ ದಿನ ರಾತ್ರಿ ಪಾತ್ರೆ ತೊಳೆಯುವಾಗ ನಲ್ಲಿಯಲ್ಲಿ ನೀರು ಸಣ್ಣಗಾಯಿತು. ನನಗೆ ಗೊತ್ತಾಯಿತು. ಸ್ವಿಚ್ಚು ನಾಲ್ಕೇ ಹೆಜ್ಜೆ ದೂರ. ಹಾಕಲಿಲ್ಲ, ಅವನಿಗೆ ಹೇಳಲೂ ಇಲ್ಲ. ಸತ್ಯ ಹೇಳ್ತೀನಿ, ಇದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ, ನಿದ್ದೆಯೇ ಬರಲಿಲ್ಲ. ಬೆಳಿಗ್ಗೆ ನಮ್ಮ ಯಜಮಾನರು ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು "ಲೋ, ನೀರೋ!" ಅಂತ ಬಚ್ಚಲಿಂದ ಕೂಗಿದರು. ಇವನು ಎದ್ದುಬಿದ್ದು ಓಡಿದ. ಕರೆಂಟಿಲ್ಲ! ಕೊನೆಗೆ ಅಪ್ಪ ಟವೆಲ್ಲಿನಲ್ಲೇ ಪಕ್ಕದಲ್ಲಿ ನಿಂತರು, ಮಗ ಬಕೆಟ್ಟಿಗೆ ಹಗ್ಗ ಕಟ್ಟಿ ಸಂಪಿನಿಂದ ಏಳು ಬಕೆಟ್ ಸೇದಿದ. ಸ್ಕೂಲ್ ಬಸ್ಸು ಹೋಯಿತು. ನಾನು ಬೈಯಲಿಲ್ಲ. "ನೋಡಿದ್ಯಾ?" ಅಂತಲೂ ಅನ್ನಲಿಲ್ಲ. ಆದರೆ ಯಜಮಾನರು ನನಗೇ ಬೈದರು, "ಗೊತ್ತಿದ್ದೂ ಸುಮ್ನಿದ್ಯಲ್ಲ" ಅಂತ. ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು.

ಅವತ್ತು ಸಂಜೆ ಅವನು ಹಳೇ ಬಿದಿರು ಕೋಲೊಂದನ್ನು ಹುಡುಕಿ ತಂದ. ಟೇಪಿನಲ್ಲಿ ಅಳೆದು ಅಡಿಗೊಂದರಂತೆ ಕೆಂಪು ಪೇಂಟಿನ ಗೆರೆ ಎಳೆದ. ನಮ್ಮ ಸಂಪು ಉದ್ದ, ಅಗಲ, ಆಳ ಮೂರೂ ಆರಾರು ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಅಂದ್ರೆ ಒಂದು ಗೆರೆ ಇಳಿದರೆ ಸುಮಾರು 1,000 ಲೀಟರ್. ಮೇಲಿನ ಸಿಂಟೆಕ್ಸೂ ಅಷ್ಟೇ. "ಅಮ್ಮ, ಒಂದು ಗೆರೆ ಒಂದು ಟ್ಯಾಂಕ್!" ಅಂದ. ಆ ಮನೆಯಲ್ಲಿ ಹದಿನಾಲ್ಕು ವರ್ಷ ಇದ್ದ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ.

ಟ್ಯಾಂಕರಿನದು ಬೇರೆಯೇ ಕಥೆ. ಆಗಷ್ಟೇ ಒಡೆಯುತ್ತಿದ್ದ ಗಂಟಲಲ್ಲಿ ಫೋನ್ ಮಾಡಿದರೆ ಆ ಕಡೆಯವರು "ಅಪ್ಪನಿಗೆ ಕೊಡಪ್ಪ" ಅಂತಿದ್ದರು. ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಅಂತ ದರ ಗೊತ್ತುಮಾಡಿತ್ತು. ಇವನು ಅದನ್ನು ಹೇಳಿದ್ದಕ್ಕೆ "ಹಾಗಾದ್ರೆ ಅವರ ಹತ್ರಾನೇ ತರಿಸ್ಕೊ" ಅಂತ ಫೋನ್ ಇಟ್ಟರು. ನನಗೆ ಉರಿದುಹೋಯಿತು, ಫೋನ್ ಕಿತ್ತುಕೊಳ್ಳಬೇಕು ಅನ್ನಿಸಿತು. ಅವನೇ ಇನ್ನೂ ಮೂರು ಕಡೆ ಮಾಡಿ, ಪಕ್ಕದ ಮನೆಯವರ ಜೊತೆ ಸೇರಿ 12,000 ಲೀಟರಿನದು ತರಿಸಿ ಅರ್ಧರ್ಧ ಹಂಚಿಕೊಂಡ. ಎಷ್ಟು ಕೊಟ್ಟ ಅಂತ ಕೇಳಬೇಡಿ, ಸರ್ಕಾರಿ ರೇಟಂತೂ ಅಲ್ಲ.

ಇದಕ್ಕೆಲ್ಲ ಅವನಿಗೆ ದುಡ್ಡು ಕೊಡ್ತೀರಾ ಅಂತ ಅಕ್ಕ ಕೇಳಿದಳು. ಇಲ್ಲ. ನನಗೂ ಸಾರು ಮಾಡಿದ್ದಕ್ಕೆ ಯಾರೂ ಕೊಡಲ್ಲ, ಅಲ್ವಾ?

ಹುಡುಗ ಪೂರ್ತಿ ಬದಲಾದ ಅಂತ ತಿಳ್ಕೋಬೇಡಿ. ಒದ್ದೆ ಟವೆಲ್ಲು ಇವತ್ತಿಗೂ ಹಾಸಿಗೆ ಮೇಲೇ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ನಾನೇ ಕರಗಿ "ನೀರಿನದು ನಾನು ನೋಡ್ಕೋತೀನಿ, ನೀನು ಓದ್ಕೋ" ಅಂದೆ. ಪುಸ್ತಕದಿಂದ ತಲೆ ಎತ್ತಲೂ ಇಲ್ಲ. "ಬೇಡಮ್ಮ, ನೀನು ಮೋಟರ್ ಹಾಕಿ ಮರೆತುಬಿಡ್ತೀಯ" ಅಂದ.