ಪೋಸ್ಟ್‌ಗ್ರೆಸ್‌ನಲ್ಲಿ ಲಕ್ಷಗಟ್ಟಲೆ ಸಾಲು ತಿದ್ದುವಾಗ ಟ್ರಿಗರ್ ಬದಿಗಿಡುವ ಬಗೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮಾರಾಟದ ಟೇಬಲ್ ಒಂದರಲ್ಲಿ 10 ಲಕ್ಷ ಸಾಲುಗಳ ಬೆಲೆಯನ್ನು ಒಂದೇ ಅಪ್‌ಡೇಟ್‌ನಲ್ಲಿ ತಿದ್ದಲು ಹೊರಟಿದ್ದೀರಿ ಎನ್ನಿ. ಆ ಟೇಬಲ್‌ಗೆ ಸಾಲಿಗೊಮ್ಮೆ ಓಡುವ ಟ್ರಿಗರ್ (ಟೇಬಲ್ ಬದಲಾದಾಗ ಒಂದು ಫಂಕ್ಷನ್ ಅನ್ನು ತಾನಾಗಿ ಓಡಿಸುವ ಏರ್ಪಾಡು) ಇದ್ದರೆ ಅದರ ಫಂಕ್ಷನ್ 10 ಲಕ್ಷ ಸಲ ಓಡುತ್ತದೆ, ಪ್ರತಿ ಸಲವೂ ಬದಲಾವಣೆಗಳ ದಾಖಲೆಯಿಡುವ ಆಡಿಟ್ ಟೇಬಲ್‌ಗೆ ಒಂದು ಸಾಲು ಬರೆಯುತ್ತದೆ.

ಅಪ್‌ಡೇಟ್ ನಿಧಾನವಾದರೆ, ತಪ್ಪು ಟ್ರಿಗರ್‌ನದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಬಿಗಿನ್ ಕೊಟ್ಟು ಟ್ರಾನ್ಸಾಕ್ಷನ್ (ಪೂರ್ತಿ ಉಳಿಯುವ ಇಲ್ಲವೇ ಪೂರ್ತಿ ರದ್ದಾಗುವ ಕೆಲಸದ ಕಟ್ಟು) ಶುರುಮಾಡಿ, ಕೆಲವು ಸಾವಿರ ಸಾಲುಗಳ ಅಪ್‌ಡೇಟ್ ಅನ್ನು ಎಲ್ಲಿ ಎಷ್ಟು ಹೊತ್ತು ಹಿಡಿಯಿತೆಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್‌ನೊಂದಿಗೆ ಓಡಿಸಿ, ರೋಲ್‌ಬ್ಯಾಕ್‌ನಿಂದ ರದ್ದು ಮಾಡಿ. ಅನಲೈಜ್ ಎಂದರೆ ಅಪ್‌ಡೇಟ್ ನಿಜವಾಗಿಯೇ ನಡೆಯುತ್ತದೆ ಎಂಬುದನ್ನು ಮರೆಯುವವರೇನೂ ಕಡಿಮೆಯಿಲ್ಲ. ಫಲಿತಾಂಶದ ತಳದಲ್ಲಿ ಪ್ರತಿ ಟ್ರಿಗರ್‌ನ ಹೆಸರು, ಅದು ತಿಂದ ಮಿಲಿಸೆಕೆಂಡುಗಳು, ಓಡಿದ ಸಲಗಳು ಕಾಣುತ್ತವೆ. ಅಲ್ಲಿ ಫಾರಿನ್ ಕೀ ತಪಾಸಣೆಯೇ (ಟೇಬಲ್‌ಗಳ ನಡುವಿನ ಕೊಂಡಿ ಸರಿಯಿದೆಯೇ ಎಂದು ನೋಡುವುದು) ಹೆಚ್ಚು ಹೊತ್ತು ಹಿಡಿದಿದ್ದರೆ, ಬೇಕಿರುವುದು ಬಹುಮಟ್ಟಿಗೆ ಸಾಲುಗಳನ್ನು ಬೇಗ ಹುಡುಕಿಕೊಡುವ ಒಂದು ಇಂಡೆಕ್ಸ್.

ರಾತ್ರಿ ಹೊತ್ತು ಬೇರಾರೂ ಬರೆಯದ ಟೇಬಲ್ ಆಗಿದ್ದರೆ ಸರಳ ದಾರಿಯಿದೆ. ಒಂದೇ ಟ್ರಾನ್ಸಾಕ್ಷನ್‌ನೊಳಗೆ ಆಲ್ಟರ್ ಟೇಬಲ್‌ನ ಡಿಸೇಬಲ್ ಟ್ರಿಗರ್ ಕೊಟ್ಟು, ಅಪ್‌ಡೇಟ್ ನಡೆಸಿ, ಎನೇಬಲ್ ಮಾಡಿ ಕಮಿಟ್ ಮಾಡಿ. ನಡುವೆ ಕೆಲಸ ಕೆಟ್ಟರೆ ರೋಲ್‌ಬ್ಯಾಕ್‌ನೊಂದಿಗೆ ಟ್ರಿಗರ್ ತಾನಾಗಿ ಮರಳುತ್ತದೆ. ಕಮಿಟ್ ಆಗುವವರೆಗೆ ಉಳಿದವರು ಓದಬಹುದು, ಬರೆಯಲಾರರು. ಟ್ರಿಗರ್‌ನ ಹೆಸರನ್ನೇ ಬರೆಯಿರಿ. ಆಲ್ ಎಂದರೆ ಫಾರಿನ್ ಕೀ ತಪಾಸಣೆಯೂ ನಿಲ್ಲುತ್ತದೆ, ಮತ್ತೆ ಎನೇಬಲ್ ಮಾಡಿದಾಗ ನಡುವೆ ನುಸುಳಿದ ಕೆಟ್ಟ ಸಾಲುಗಳನ್ನು ಯಾರೂ ಪರೀಕ್ಷಿಸುವುದಿಲ್ಲ. ಸೆಷನ್ ರೆಪ್ಲಿಕೇಷನ್ ರೋಲ್ ಎಂಬ ಸೆಟಿಂಗ್ ಅನ್ನು ರೆಪ್ಲಿಕಾ ಮಾಡಿ ನಿಮ್ಮ ಸೆಷನ್‌ನಲ್ಲಿ ಮಾತ್ರ ಟ್ರಿಗರ್ ನಿಲ್ಲಿಸುವ ಉಪಾಯಕ್ಕೆ, ಬೇರೆಯವರ ಬರಹ ತಡೆಯುವ ಲಾಕ್ ಬೇಕಿಲ್ಲವಾದರೂ ಅದಕ್ಕೂ ಇದೇ ದೋಷವಿದೆ. ಅದನ್ನು ನಾನು ಬಳಸುವುದಿಲ್ಲ.

ಹಗಲಿನಲ್ಲೇ ತಿದ್ದಬೇಕಾದರೆ ಟ್ರಿಗರ್‌ನ ವೆನ್ ಷರತ್ತು ಅನುಕೂಲ. 'ಆಪ್.ಸ್ಕಿಪ್_ಆಡಿಟ್' ಎಂಬಂಥ, ನಡುವೆ ಚುಕ್ಕಿಯಿರುವ ಸೆಟಿಂಗ್ ಒಂದು 'ಆನ್' ಆಗಿಲ್ಲದಿದ್ದಾಗ ಮಾತ್ರ ಓಡುವಂತೆ ಟ್ರಿಗರ್ ಅನ್ನು ಮೊದಲೇ ಬರೆದಿಟ್ಟುಕೊಂಡು, ತಿದ್ದುವ ಟ್ರಾನ್ಸಾಕ್ಷನ್‌ನಲ್ಲಿ, ಅದು ಮುಗಿಯುವವರೆಗೆ ಮಾತ್ರ ನಿಲ್ಲುವ ಸೆಟ್ ಲೋಕಲ್‌ನಿಂದ ಅದನ್ನು ಆನ್ ಮಾಡಿದರೆ, ನಿಮ್ಮ ಅಪ್‌ಡೇಟ್‌ಗೆ ಮಾತ್ರ ಫಂಕ್ಷನ್ ಓಡುವುದಿಲ್ಲ; ಬೇರೆಯವರ ಬರಹಕ್ಕೆ ಆಡಿಟ್ ಎಂದಿನಂತೆ ನಡೆಯುತ್ತದೆ. ಆದರೆ ಇಂಥ ಸೆಟಿಂಗ್ ಅನ್ನು ಯಾವ ಬಳಕೆದಾರರೂ ಬದಲಿಸಬಹುದಾದ್ದರಿಂದ, ಆಡಿಟ್ ತಪ್ಪಿಸುವುದೇ ಅಪರಾಧವಾಗುವ ಹಣಕಾಸಿನ ಟೇಬಲ್‌ಗಳಿಗೆ ಇದು ಸಲ್ಲದು.

ಟ್ರಿಗರ್ ಬಿಟ್ಟ ಕೆಲಸವನ್ನು ನೀವೇ ಅದೇ ಟ್ರಾನ್ಸಾಕ್ಷನ್‌ನಲ್ಲಿ ಮಾಡಬೇಕು. ಅಪ್‌ಡೇಟ್‌ಗೆ ಮುಂಚೆ, ತಿದ್ದಲಿರುವ ಸಾಲುಗಳನ್ನು ಸೆಲೆಕ್ಟ್ ಫಾರ್ ಅಪ್‌ಡೇಟ್‌ನಿಂದ ಹಿಡಿದಿಟ್ಟು, ಅವುಗಳ ಹಳೆಯ ಮತ್ತು ಹೊಸ ಬೆಲೆಯನ್ನು ಒಂದೇ ಇನ್ಸರ್ಟ್‌ನಲ್ಲಿ ಆಡಿಟ್ ಟೇಬಲ್‌ಗೆ ಸೇರಿಸಿ. ತಿದ್ದಿದ ಸಮಯವನ್ನು ಟ್ರಿಗರ್ ತುಂಬುತ್ತಿದ್ದರೆ ಆ ಕಾಲಂ ಅನ್ನೂ ಅಪ್‌ಡೇಟ್‌ನಲ್ಲೇ ಬರೆಯಿರಿ.

ಪ್ರತಿ ತಿಂಗಳೂ ಇದೇ ಪಾಡಾದರೆ ಟ್ರಿಗರ್ ಅನ್ನೇ ಬದಲಿಸಿ: 10ನೇ ಆವೃತ್ತಿಯಿಂದೀಚೆಗೆ ಅಪ್‌ಡೇಟ್‌ಗೊಮ್ಮೆ ಮಾತ್ರ ಓಡುವ ಟ್ರಿಗರ್‌ಗೂ ಬದಲಾದ ಎಲ್ಲ ಹಳೆಯ, ಹೊಸ ಸಾಲುಗಳು ಟ್ರಾನ್ಸಿಷನ್ ಟೇಬಲ್‌ಗಳಾಗಿ ಸಿಗುತ್ತವೆ.